ಹರಕೆಯ ಹನ್ನೆರಡು ಮೊಟ್ಟೆ

ಮಾರ್ಚ್ 6, ಗುರುವಾರ. ಬೆಳಿಗ್ಗೆ 6.15

ಮೊಟ್ಟೆ ತಿರುಗಿಸಿದೆ. ಪೆನ್ಸಿಲಿನಲ್ಲಿ ಹಾಕಿದ ಇಂಟು ಗುರುತು ಈಗ ಮೇಲೆ. ಮಧ್ಯಾಹ್ನ ಇನ್ನೊಂದು ಬದಿಯ ಸೊನ್ನೆ ಮೇಲೆ ಬರಬೇಕು. ರಾತ್ರಿ ಮತ್ತೆ ಇಂಟು. ತಿರುಗಿಸದಿದ್ದರೆ ಒಳಗಿನ ಜೀವ ಚಿಪ್ಪಿನ ಒಂದೇ ಬದಿಗೆ ಅಂಟಿಕೊಳ್ಳುತ್ತದಂತೆ. ಹೇಂಟೆಗಾದರೆ ಯಾರೂ ಹೇಳಿಕೊಡಬೇಕಿಲ್ಲ, ಕೂತಲ್ಲೇ ಕೊಕ್ಕಿನಿಂದ ಹೊರಳಿಸಿಕೊಳ್ಳುತ್ತದೆ. ನನಗೆ ಮೊಬೈಲಿನ ಅಲಾರಂ.

ಪೆಟ್ಟಿಗೆಯ ಶಾಖ 37.5. ಸರಿ ಇದೆ. ತಟ್ಟೆಯ ನೀರು ಅರ್ಧ ಆರಿದೆ. ಪುಣೆಯ ಮಾರ್ಚ್ ಅಂದರೆ ಹೀಗೆ, ತುಟಿಯೂ ಒಣಗುತ್ತದೆ, ತಟ್ಟೆಯೂ ಒಣಗುತ್ತದೆ. ತುಂಬಿಸಿದೆ.

ಎಂಟೂವರೆಗೆ ಆಸ್ಪತ್ರೆ. ಸುಖೇಶ್ ಬೈಕಿನಿಂದ ಬಿದ್ದು ಇವತ್ತಿಗೆ ಎರಡು ವಾರ. ಕಣ್ಣು ತೆರೆದಿಲ್ಲ. ಡಾಕ್ಟರು ನಿನ್ನೆ "ಸ್ಟೇಬಲ್" ಅಂದರು. ಮೊನ್ನೆಯೂ ಅಂದಿದ್ದರು. ಇವತ್ತೂ ಅನ್ನುತ್ತಾರೆ.

ಸಾಹೇಬರು ಹೇಗಿದ್ದಾರೆ ಎಂದು ಗೇಟಿನಲ್ಲಿ ವಾಚ್‌ಮನ್ ದಿನಾ ಕೇಳುತ್ತಾನೆ. "ಸಾಹೇಬ ಕಸೇ ಆಹೇತ, ತಾಯಿ?" ನಾನೂ "ಸ್ಟೇಬಲ್" ಅನ್ನುತ್ತೇನೆ.

ಮಾರ್ಚ್ 7, ಶುಕ್ರವಾರ. ಸಂಜೆ

ಈ ಪೆಟ್ಟಿಗೆ ಮನೆಗೆ ಬಂದದ್ದು ಅತ್ತೆಯ ಹರಕೆಯಿಂದ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಹೇಳಿಕೊಂಡರಂತೆ— ಮಗ ಎದ್ದು ಮನೆಗೆ ಬಂದರೆ ಊರಿನ ದೈವಕ್ಕೆ ಒಂದು ಹುಂಜ. ಅಷ್ಟಕ್ಕೇ ಮುಗಿದಿದ್ದರೆ ಸುಲಭವಿತ್ತು. ಇವರ ಕುಟುಂಬದ ಕ್ರಮ ಬೇರೆ. ಹರಕೆಯ ಹುಂಜವನ್ನು ಕೊಂಡು ತರುವಂತಿಲ್ಲ. ಮನೆಯಲ್ಲೇ ಮೊಟ್ಟೆಯೊಡೆದು ಬರಬೇಕು, ಮನೆಯವರ ಕೈಯಿಂದ ಅಕ್ಕಿ ತಿಂದು ಬೆಳೆಯಬೇಕು.

ಊರಿನಲ್ಲಾದರೆ ಹೇಂಟೆ ಕಾವಿಗೆ ಕೂರುತ್ತದೆ. ಇಲ್ಲಿ ವಾಕಡದಲ್ಲಿ ಏಳನೆಯ ಮಹಡಿಯ ಫ್ಲ್ಯಾಟಿಗೆ ಹೇಂಟೆ ತಂದರೆ ಸೊಸೈಟಿಯ ಸೆಕ್ರೆಟರಿ ನಮ್ಮನ್ನೇ ಕೆಳಗೆ ಇಳಿಸಿಯಾನು. ಹಾಗಾಗಿ ಆನ್‌ಲೈನಿನಲ್ಲಿ ಇನ್‌ಕ್ಯುಬೇಟರ್. ಹೇಂಟೆಯ ಹೊಟ್ಟೆಯ ಬಿಸಿ ಒಂದು ಕಾಯಿಲಿನಿಂದ, ಗಾಳಿ ಒಂದು ಸಣ್ಣ ಫ್ಯಾನಿನಿಂದ, ಮೈಯ ತೇವದ ಬದಲು ನೀರಿನ ತಟ್ಟೆ. ಮೊಟ್ಟೆ ಪುಣೆಯ ಹೊರಗಿನ ಸಾಸವಡದಿಂದ ಬಂದವು. ಸುಖೇಶ್ ನಡೆಸುವ ಹೋಟೆಲು, ಲಂಚ್ ಹೋಮಿಗೆ ಕೋಳಿ ಹಾಕುವವನೇ ತಂದುಕೊಟ್ಟ. ಗಾವರಾನ್ ಅಂದರೆ ನಾಟಿ ಕೋಳಿಯವು, ಹುಂಜ ಇರುವ ಹಿಂಡಿನವು, ಫ್ರಿಜ್ಜಿನಲ್ಲಿಟ್ಟವಲ್ಲ. ಹನ್ನೆರಡು. ಸೋಮವಾರ ಇಟ್ಟದ್ದು. ಮೂರು ವಾರಕ್ಕೆ ಮರಿ.

ನನಗೆ ನಂಬಿಕೆಯಿಲ್ಲ. ಬೇಡ ಎನ್ನುವಷ್ಟು ಜೀವವೂ ಇಲ್ಲ.

ಈಗಷ್ಟೇ ಕೇಳಿಸಿತು. ದೀಕ್ಷಿತಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಅತ್ತೆ ಹೇಳುತ್ತಿದ್ದರು. "ಮರಿ ಹೊರಗೆ ಬಂದ ದಿನ ಪಪ್ಪನೂ ಮನೆಗೆ ಬರ್ತಾನೆ ಮಗಾ. ನೀನು ನೋಡ್ತಾ ಇರು."

ಆರು ವರ್ಷದ ಮಗು. ಹಾಗೆಲ್ಲ ಹೇಳಬೇಡಿ ಅನ್ನಬೇಕಿತ್ತು. ನೀರು ತುಂಬಿಸುವುದಿತ್ತು. ತುಂಬಿಸಿದೆ.

ಮಾರ್ಚ್ 10, ಸೋಮವಾರ. ಸಂಜೆ 7

ಪರದೆ ಎಳೆದು, ಲೈಟು ಆರಿಸಿ, ಮೊಟ್ಟೆಗಳ ಕೆಳಗೆ ಮೊಬೈಲಿನ ಟಾರ್ಚ್ ಹಿಡಿದು ನೋಡಿದೆವು. ಹತ್ತರಲ್ಲಿ ನೂಲಿನಂಥ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಕುಪ್ಪಳಿಸಿತು. ದೀಕ್ಷಿ ಕಿರುಚಿದಳು. ಎರಡು ಖಾಲಿ, ಬರೀ ಹಳದಿ ಬೆಳಕು. ತೆಗೆದು ಬಿಸಾಡಿದೆ.

ಪಕ್ಕದ ಮನೆಯ ಕಾಶವ್ವ ಬಾಗಿಲಲ್ಲೇ ನಿಂತು ನೋಡಿದರು. ಲಿಂಗಾಯತರು, ವಿಜಾಪುರದ ಕಡೆಯವರು, ಆಯುಷ್ಯದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ನಾವು ಆಸ್ಪತ್ರೆಗೆ ಹೋದಾಗ ದೀಕ್ಷಿ ಅವರ ಮನೆಯಲ್ಲೇ ಇರುತ್ತಾಳೆ.

"ಅಯ್ಯ ಶಿವನ, ಒಳಗ ಜೀವ ಆಡಾಕತ್ತದಲ್ಲವಾ! ನಾ ಇದನ್ನ ಬರೇ ತಿನ್ನೂ ಸಾಮಾನ ಅಂತ ತಿಳಕೊಂಡಿದ್ದೆ."

ಅತ್ತೆ ನಕ್ಕರು. ಹದಿನೆಂಟು ದಿನಗಳಲ್ಲಿ ಮೊದಲ ಸಲ.

ಮಾರ್ಚ್ 12, ಬುಧವಾರ

ನಿನ್ನೆ ಬೆಳಗಿನ ಜಾವ ಆಸ್ಪತ್ರೆಯಿಂದ ಫೋನ್. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು.

ದೀಕ್ಷಿಯನ್ನು ಕಾಶವ್ವ ಮೊದಲೇ ಕರೆದುಕೊಂಡು ಹೋಗಿದ್ದರು. ಅತ್ತೆ ಹಾಗೆ ಹೇಳಿದ್ದರು, ಮಗು ನೋಡುವುದು ಬೇಡ ಅಂತ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಒಂದು ಗಂಟೆಗೆ ಗಂಡಸರು ಅವನನ್ನು ತೆಗೆದುಕೊಂಡು ಹೋದರು. ಹೆಂಗಸರು ಹಜಾರದಲ್ಲಿ ಕೂತು ಅಳುತ್ತಿದ್ದರು. ಎರಡಕ್ಕೆ ಮೊಬೈಲಿನ ಅಲಾರಂ ಹೊಡೆದುಕೊಂಡಿತು. ಸ್ಕ್ರೀನಿನ ಮೇಲೆ ದೊಡ್ಡದಾಗಿ— ಮೊಟ್ಟೆ. ಎಲ್ಲರೂ ನೋಡಿದರು. ಎದ್ದು ಒಳಗೆ ಹೋದೆ.

ಇನ್‌ಕ್ಯುಬೇಟರ್ ಆರಿತ್ತು. ಪ್ಲಗ್ ಕಿತ್ತು ಬದಿಗಿಟ್ಟಿದ್ದರು. ಮೊಟ್ಟೆಗಳು ತಣ್ಣಗೆ, ಸ್ಟೀಲ್ ಲೋಟದ ಹಾಗೆ. ಬೆಳಿಗ್ಗೆ ತನಿಯಪ್ಪ ಮಾವ ಮಾಡಿದ್ದು. ಅತ್ತೆಯ ತಮ್ಮ. ಚಾಕಣದಲ್ಲಿ ಒಂದು ಫ್ಯಾಕ್ಟರಿಯ ಕ್ಯಾಂಟೀನ್ ನಡೆಸುತ್ತಾರೆ. ಬಂದವರೇ ಮೊದಲು ಗ್ಯಾಸ್ ಬಂದ್ ಮಾಡಿ, ಆಮೇಲೆ ಇದನ್ನೂ ಕಿತ್ತಿದ್ದಾರೆ. ಸಂಜೆ ಕೇಳಿದ್ದಕ್ಕೆ ತಲೆ ಕೆರೆದುಕೊಂಡರು.

"ಸಾವಿನ ಮನೆಯಲ್ಲಿ ಒಲೆ ಉರಿಯಬಾರ್ದು ಅಲ್ವಾ ಮಾರಾಯ್ತಿ. ಒಳಗೆ ಕೆಂಪಗೆ ಉರೀತಾ ಇತ್ತು. ಅದು ಸಹ ಒಲೆಯೇ ಅಂತ ನಾನು..."

ತಪ್ಪು ಹೇಳಲು ಆಗುವುದಿಲ್ಲ. ಕೆಂಪಗೆ ಉರಿಯುತ್ತಿತ್ತು, ನಿಜ.

ಪ್ಲಗ್ ಹಾಕಿದೆ. ಹತ್ತನ್ನೂ ತಿರುಗಿಸಿದೆ. ಯಾಕೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ತಿರುಗಿಸುವ ಹೊತ್ತಾಗಿತ್ತು.

ಹೊರಗೆ ಬಂದಾಗ ಯಾರೋ ಪಿಸುಗುಟ್ಟಿದರು. ಹೇಗಾದರೂ ಮಾಡಿ ಅಳಿಸಿ ಅವಳನ್ನು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ ಎಂದು. ಪ್ರಯತ್ನಪಟ್ಟೆ. ಬರಲಿಲ್ಲ.

ಮಾರ್ಚ್ 13, ಗುರುವಾರ

ಅತ್ತೆ ಮಾತಾಡಿದರು. ಎರಡು ದಿನಗಳ ಮೇಲೆ.

"ಬಂದ್ ಮಾಡು ಅದನ್ನು."

ತಟ್ಟೆಗೆ ನೀರು ತುಂಬಿಸಿದೆ.

"ಕೇಳಿದ್ದನ್ನು ಕೊಡದ ದೈವಕ್ಕೆ ಇನ್ನೆಂತ ಹುಂಜ? ನಾನು ಕೊಡ್ಲಿಕ್ಕಿಲ್ಲ. ಬಂದ್ ಮಾಡು ಶರಣ್ಯಾ, ಆ ಸದ್ದು ಕೇಳ್ಲಿಕ್ಕೆ ಆಗುದಿಲ್ಲ ನನಗೆ."

ಫ್ಯಾನಿನ ಸದ್ದು. ಸೊಳ್ಳೆಯಷ್ಟು ಕೂಡ ಇಲ್ಲ. ಪೆಟ್ಟಿಗೆಯನ್ನು ಅವರ ಕೋಣೆಯ ಗೋಡೆಯಿಂದ ತೆಗೆದು ಬೆಡ್‌ರೂಮಿಗೆ ತಂದಿಟ್ಟೆ. ಸುಖೇಶನ ಬದಿಯ ಟೇಬಲ್ ಖಾಲಿ ಇದೆ.

ಕೆಳಗೆ ಸೊಸೈಟಿಯವರು ಹೋಳಿ ಹಬ್ಬಕ್ಕೆ ಕಟ್ಟಿಗೆ ಪೇರಿಸುತ್ತಿದ್ದಾರೆ. ನಮ್ಮ ವಿಂಗಿನ ಮುಂದೆ ಬೇಡವೆಂದು ಯಾರೋ ಹೇಳಿರಬೇಕು, ಆಚೆ ಒಯ್ದರು. ಒಳ್ಳೆಯ ಜನ.

ಮಾರ್ಚ್ 16, ಭಾನುವಾರ. ಸಂಜೆ

ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಹೋಗಿವೆ. ನರಗಳು ಕರಗಿ, ಚಿಪ್ಪಿನೊಳಗೆ ಒಂದು ಕೆಂಪು ಬಳೆ ಮಾತ್ರ. ಆರರಲ್ಲಿ ಜೀವ ಇದೆ. ಅರ್ಧ ದಿನ ತಣ್ಣಗೆ ಕೂತಿದ್ದರೂ ಇವೆ.

ಟಾರ್ಚ್ ಹಿಡಿದದ್ದು ಕಾಶವ್ವ. ಒಲೆ ಹಚ್ಚದ ಮನೆಗೆ ಮೂರು ಹೊತ್ತೂ ಅವರದ್ದೇ ರೊಟ್ಟಿ, ಪಲ್ಯ. ಮೊಟ್ಟೆ ಮುಟ್ಟುವುದಿಲ್ಲ, ಬೆಳಕು ಹಿಡಿಯುತ್ತಾರೆ.

"ನೀನೂ ಒಂದೀಟು ಉಣ್ಣವಾ. ಅವಕ್ಕಷ್ಟ ನೀರ ಹಾಕಿದ್ರ ಆತೇನು?"

ದೀಕ್ಷಿ ಗೆಲುವಾಗಿದ್ದಾಳೆ. ಊಟ ಮಾಡುತ್ತಾಳೆ. ಪೆಟ್ಟಿಗೆಯ ಗಾಜಿಗೆ ಮೂಗೊತ್ತಿ ಕೂತು ಹಾಡುತ್ತಾಳೆ. ಬಂದವರೆಲ್ಲ ಅದನ್ನೇ ಹೇಳುತ್ತಾರೆ, ಪುಣ್ಯ, ಮಗುವಿಗೆ ಇನ್ನೂ ತಿಳಿಯುವುದಿಲ್ಲ. ಫೋಟೋದ ಮುಂದೆ ದೀಪ ಇಟ್ಟಿದ್ದೇವಲ್ಲ, ಅದಕ್ಕೆ ದಿನಾ ಕೈ ಮುಗಿಯುತ್ತಾಳೆ. ಕಣ್ಣಲ್ಲಿ ನೀರಿಲ್ಲ. ನನ್ನನ್ನೇ ಹೋಲುತ್ತಾಳೆ ಅಂದುಕೊಂಡೆ.

ಮಾರ್ಚ್ 18, ಮಂಗಳವಾರ

ಹಿಂಜವಾಡಿಯ ಆಫೀಸಿನಿಂದ ಎಚ್‌ಆರ್ ಮೇಲ್. ಟೇಕ್ ಯುವರ್ ಟೈಮ್. ಕೆಳಗೆ ಇನ್ನೊಂದು ಸಾಲು, ದಯವಿಟ್ಟು ರಜೆಯನ್ನು ಪೋರ್ಟಲಿನಲ್ಲಿ ಅಪ್ಲೈ ಮಾಡಿ. ಮಾಡಿದೆ. ಕಾರಣ ಎಂಬಲ್ಲಿ ಒಂದು ಪಟ್ಟಿ ತೆರೆಯಿತು. ಮದುವೆ, ಹೆರಿಗೆ, ಇನ್ನೊಂದು. ಇನ್ನೊಂದನ್ನು ಒತ್ತಿದೆ.

ಒಂದು ವಿಚಿತ್ರ ಗಮನಿಸಿದೆ. ಆ ಪದ ನನ್ನ ಬಾಯಿಂದ ಇನ್ನೂ ಬಂದಿಲ್ಲ. ಬ್ಯಾಂಕಿನವರಿಗೆ "ಸುಖೇಶ್ ಇಲ್ಲ" ಅಂದೆ. ಹಾಲಿನವನಿಗೆ "ಒಂದು ಪ್ಯಾಕೆಟ್ ಸಾಕು" ಅಂದೆ. ತನಿಯಪ್ಪ ಮಾವನ ಮಾತಿನಲ್ಲಿ ಬಿಟ್ಟರೆ ಇಲ್ಲಿ ಕೂಡ ಬರೆದಿಲ್ಲ, ಪುಟ ತಿರುಗಿಸಿ ನೋಡಿದೆ.

ತೇವ ಕಡಿಮೆ ತೋರಿಸುತ್ತಿದೆ. ಒದ್ದೆ ಸ್ಪಂಜು ಇಟ್ಟೆ.

ಮಾರ್ಚ್ 20, ಗುರುವಾರ. ಮಧ್ಯಾಹ್ನ

ಕಾಶವ್ವ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಇಷ್ಟು ದಿನ ಬಾಗಿಲು ಹಾಕಿಕೊಂಡವರಲ್ಲ.

"ಸಿಟ್ಟಾಗಬ್ಯಾಡ. ಒಂದು ಮಾತು ಕೇಳ್ತೀನಿ. ಕೂಸಿಗೆ ಹೇಳೀರೋ ಇಲ್ಲೋ?"

"ಏನನ್ನು?"

"ಅವರಪ್ಪಂದು." ಸೆರಗು ಬಾಯಿಗೆ ಹಿಡಿದರು. "ಮುಂಜಾನಿ ನನಗ ಅಂತದ, ಕಾಶವ್ವಜ್ಜಿ, ಮರಿ ಬರೂ ದಿನಾ ನಮ್ಮ ಪಪ್ಪನೂ ಬರ್ತಾರ, ನೀವೂ ಬರ್ರಿ, ಕೇಕ್ ತರೂಣು. ತನಿಯಪ್ಪಜ್ಜ ಮಷಿನ್ ಬಂದ್ ಮಾಡಿದ್ರು, ಅದಕ್ಕ ಪಪ್ಪ ತಡಾ ಮಾಡ್ಯಾರ ಅಂತದ. ಅಮ್ಮ ಮತ್ತ ಚಾಲೂ ಮಾಡ್ಯಾಳ, ಈಗ ಏನೂ ಚಿಂತಿ ಇಲ್ಲ ಅಂತದ."

ದೀಪ ಯಾಕೆ ಎಂದು ಅವಳು ಕೇಳಿರಲಿಲ್ಲ. ಈಗ ಗೊತ್ತಾಯಿತು. ಪಪ್ಪ ಹುಷಾರಾಗಲಿ ಎಂದು ಇಟ್ಟ ದೀಪ ಅಂದುಕೊಂಡಿದ್ದಾಳೆ.

ಕಾಶವ್ವ ಅತ್ತರು. ನಾನು ಅವರ ಡಬ್ಬಿ ತೊಳೆದು ಒರೆಸಿ ಕೊಟ್ಟೆ.

ಅದೇ ದಿನ. ಸಂಜೆ

ಅತ್ತೆಯನ್ನು ಕೇಳಿದೆ. ನೀವು ಹೇಳಿರುತ್ತೀರಿ ಅಂದುಕೊಂಡಿದ್ದೆ ಎಂದೆ. ಅವರು ನನ್ನ ಮುಖ ನೋಡಿದರು.

"ನೀನು ತಾಯಿ. ನೀನು ಹೇಳಿದ್ದಿ ಅಂತ ನಾನು."

ಹತ್ತು ದಿನ ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನಂಬಿಕೊಂಡು ಕೂತಿದ್ದೆವು. ಮಗು ಸಮಾಧಾನವಾಗಿದೆ ಎಂದು ಖುಷಿಪಟ್ಟುಕೊಂಡೂ ಇದ್ದೆವು.

"ನಾನೇ ಅಲ್ವಾ ಹೇಳಿದ್ದು, ಪಪ್ಪ ಬರ್ತಾನೆ ಅಂತ," ಅಂದರು ಅತ್ತೆ. "ನಾನೇ ಹೇಳ್ತೇನೆ. ನಿನಗೆ ಆಗುದಿಲ್ಲ."

ದೀಕ್ಷಿಯನ್ನು ಕರೆದರು. ಅವಳು ಓಡಿ ಬಂದು ಮಡಿಲಲ್ಲಿ ಕೂತಳು. ಅಜ್ಜಿ ಅವಳ ಜಡೆ ಬಿಚ್ಚಿದರು, ಮತ್ತೆ ಹೆಣೆದರು, ಮತ್ತೆ ಬಿಚ್ಚಿದರು. "ಮಗಾ..." ಅಂದರು. "ಎಂತ ಅಜ್ಜಿ?" ಅಂದಳು. "ಬೆಲ್ಲ ಬೇಕಾ?" ಅಂದರು.

ಬೆಲ್ಲ ತಿಂದು ಹೋದಳು. ನನಗೆ ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ, ಅಷ್ಟೆ.

ಮಾರ್ಚ್ 22, ಶನಿವಾರ

ಇವತ್ತಿನಿಂದ ತಿರುಗಿಸುವುದಿಲ್ಲ. ಕೊನೆಯ ಮೂರು ದಿನ ಮುಟ್ಟಬಾರದು. ಮರಿ ತಲೆಯನ್ನು ಮೊಟ್ಟೆಯ ಅಗಲವಾದ ತುದಿಗೆ, ಗಾಳಿ ಇರುವಲ್ಲಿಗೆ ತಂದುಕೊಳ್ಳುತ್ತದೆ. ತೇವ ಜಾಸ್ತಿ ಬೇಕು. ಮುಚ್ಚಳ ತೆರೆಯಬಾರದು. ತೆರೆದರೆ ಒಳಗಿನ ಪೊರೆ ಒಣಗಿ ಮರಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು ತಟ್ಟೆ ಇಟ್ಟು ಎರಡನ್ನೂ ತುಂಬಿಸಿದೆ. ಮುಚ್ಚಿದೆ. ಅಲಾರಂ ಅಳಿಸಿದೆ.

ಇನ್ನು ನನಗೆ ಕೆಲಸವಿಲ್ಲ. ಇದು ಕಷ್ಟ. ಕೈಗಳು ಸುಮ್ಮನೆ ತೊಡೆಯ ಮೇಲೆ ಕೂತಿವೆ.

ದೀಕ್ಷಿಗೆ ಹೇಳಲು ಬೆಳಿಗ್ಗೆ ಅವಳ ಪಕ್ಕ ಮಲಗಿದೆ. ಸ್ಕೂಲಿನಲ್ಲಿ ಯಾರಿಗೋ ಹಲ್ಲು ಬಿದ್ದ ಕಥೆ ಹೇಳಿದಳು. ಪೂರ್ತಿ ಕೇಳಿದೆ. ಆಮೇಲೆ ಎದ್ದು ಬಂದೆ.

ಮಾರ್ಚ್ 23, ಭಾನುವಾರ

ಬೊಜ್ಜ. ಹದಿಮೂರನೆಯ ದಿನದ ಕೆಲಸ. ಹತ್ತಿರದ ಒಂದು ಸಭಾಭವನದಲ್ಲಿ ತನಿಯಪ್ಪ ಮಾವ ಎಲ್ಲ ನೋಡಿಕೊಂಡರು. ಸಂಜೆ ಮನೆಯಲ್ಲಿ ಅವನಿಗೆಂದು ಎಲೆ ಹಾಕಿ ಬಡಿಸಿದೆವು, ಅವನು ಇಷ್ಟಪಡುತ್ತಿದ್ದದ್ದೆಲ್ಲ. ಕೋಳಿ ಸುಕ್ಕವನ್ನು ಲಂಚ್ ಹೋಮಿನ ಹುಡುಗರು ಮಾಡಿ ಕಳಿಸಿದ್ದರು. ಕೋಣೆಯ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು, ಅವನು ಬಂದು ಉಣ್ಣಲಿ ಎಂದು. ಕ್ರಮ ಅದು.

ದೀಕ್ಷಿ ಕಾಶವ್ವನ ಮನೆಯಲ್ಲಿದ್ದಳು. ಇಲ್ಲಿದ್ದಿದ್ದರೆ ಆ ಬಾಗಿಲನ್ನು ಏನೆಂದು ತಿಳಿಯುತ್ತಿದ್ದಳೋ.

ಹೋಗುವಾಗ ತನಿಯಪ್ಪ ಮಾವ ಬೆಡ್‌ರೂಮಿಗೆ ಇಣುಕಿದರು. ಪೆಟ್ಟಿಗೆ ನೋಡಿದರು. "ಹಾಳಾಗ್ಲಿಲ್ವಾ? ಬದುಕಿ ಉಂಟಾ?" ಅಂದರು. ಹೂಂ ಅಂದೆ. ಜೇಬಿನಿಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡು ಹೋದರು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 11

ಇವತ್ತು ಬರಬೇಕಿತ್ತು. ಬಂದಿಲ್ಲ. ತಣ್ಣಗಾದದ್ದರಿಂದ ತಡ.

ಒಂದು ಮೊಟ್ಟೆ ತಾನೇ ಅಲ್ಲಾಡಿತು.

ದೀಕ್ಷಿ ಸ್ಕೂಲಿಗೆ ಹೋಗಲಿಲ್ಲ. ಹೋಗು ಅಂದರೆ ಅತ್ತಳು. ಹುಟ್ಟುಹಬ್ಬದ ಹಳದಿ ಫ್ರಾಕ್ ಹಾಕಿಕೊಂಡಿದ್ದಾಳೆ.

ಮಧ್ಯಾಹ್ನ 3

ಅವಳು ಅಜ್ಜಿಯ ಜೊತೆ ಮಲಗಿದ್ದಾಳೆ. ಪ್ಲಗ್ಗಿನ ಪಕ್ಕ ಕೂತಿದ್ದೇನೆ. ಸ್ವಿಚ್ಚಿನ ಮೇಲೆ ಬೆರಳಿಟ್ಟು ನೋಡಿದೆ. ಈಗ ಒತ್ತಿದರೆ ನಾಳೆಯೊಳಗೆ ಆರೂ ತಣ್ಣಗಾಗುತ್ತವೆ. ಮರಿ ಬರುವುದಿಲ್ಲ. ಆ ದಿನವೇ ಬರುವುದಿಲ್ಲ. ಅವಳು ಕಾಯುತ್ತಲೇ ಇರಬಹುದು, ಇನ್ನೊಂದಿಷ್ಟು ದಿನ. ನನಗೂ ಅಷ್ಟು ದಿನ ಸಿಗುತ್ತದೆ.

ಆಗ ಒಳಗಿನಿಂದ ಸದ್ದು. ಚಿಪ್ಪು ಇನ್ನೂ ಒಡೆದಿಲ್ಲ, ಒಳಗೇ ಕೂಗುತ್ತಿದೆ. ಚಿಂವ್... ಚಿಂವ್... ಇನ್ನೊಂದು ಮೊಟ್ಟೆಯಿಂದ ಉತ್ತರ.

ಬೆರಳು ತೆಗೆದೆ. ಹಿಂದೆ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನಾನು ಸಹ ನಿನ್ನೆ ಬಂದು ಇಲ್ಲೇ ಕೂತಿದ್ದೆ," ಅಂದರು. "ಒತ್ತಲಿಕ್ಕೆ ಆಗ್ಲಿಲ್ಲ."

ಮಾರ್ಚ್ 25, ಮಂಗಳವಾರ. ಬೆಳಿಗ್ಗೆ 8

ಒಂದರಲ್ಲಿ ತೂತು. ಅಕ್ಕಿಕಾಳಿನಷ್ಟು. ಕೊಕ್ಕಿನ ತುದಿ ಕಾಣುತ್ತದೆ, ಮೇಲೆ ಒಂದು ಬಿಳಿ ಮುಳ್ಳು, ಅದರಿಂದಲೇ ಕುಟ್ಟುವುದು. ಕುಟ್ಟುತ್ತದೆ, ನಿಲ್ಲಿಸುತ್ತದೆ. ನಿಲ್ಲಿಸಿದಾಗ ಜೀವ ಹೋಯಿತು ಅನಿಸುತ್ತದೆ. ಹೋಗಿಲ್ಲ, ಉಸಿರಾಡುವುದು ಕಲಿಯುತ್ತಿದೆ.

"ಅಮ್ಮಾ, ನಾವು ಬಿಡಿಸುವಾ ಅದನ್ನು," ಅಂದಳು ದೀಕ್ಷಿ.

ಬೇಡ ಅಂದೆ. ಅರ್ಧದಲ್ಲಿ ನಾವು ಚಿಪ್ಪು ತೆಗೆದರೆ ರಕ್ತ ಬರುತ್ತದೆ. ಅದೇ ಒಡೆದುಕೊಂಡು ಬರಬೇಕು.

10.50

ಚಿಪ್ಪಿನ ಸುತ್ತ ಗೆರೆ ಬಂತು, ಡಬ್ಬಿಯ ಮುಚ್ಚಳದ ಹಾಗೆ. ಒಂದೇ ಸಲ ಕಾಲಿನಿಂದ ಒದ್ದಿತು. ಒದ್ದೆ ಮುದ್ದೆ ಹೊರಗೆ ಬಿತ್ತು. ಬದುಕಿದೆ. ತಲೆ ಎತ್ತಿತು, ಬಿತ್ತು, ಎತ್ತಿತು.

ದೀಕ್ಷಿ ಚಪ್ಪಾಳೆ ತಟ್ಟಲಿಲ್ಲ. ನಾನು ತಟ್ಟುತ್ತಾಳೆ ಅಂದುಕೊಂಡಿದ್ದೆ. ಒಂದು ಕ್ಷಣ ನೋಡಿ ಎದ್ದು ಓಡಿದಳು. ಬೋಲ್ಟ್ ಸರಿಸಿದ ಸದ್ದು. ಹೋಗಿ ನೋಡಿದರೆ ಮುಂಬಾಗಿಲು ಅಗಲ ತೆರೆದು, ಶೂಗಳ ಸ್ಟ್ಯಾಂಡನ್ನು ಅಡ್ಡ ಇಟ್ಟಿದ್ದಾಳೆ, ಮುಚ್ಚಿಕೊಳ್ಳದ ಹಾಗೆ.

"ಬಾಗಿಲು ಯಾಕೆ ತೆಗೆದೆ?"

"ಪಪ್ಪನ ಕೀ ಇಲ್ಲೇ ಉಂಟಲ್ಲ ಅಮ್ಮಾ, ಮೊಳೆಯಲ್ಲಿ. ಅವರ ಹತ್ರ ಇಲ್ಲ."

11.20

ಬಾಗಿಲು ಇನ್ನೂ ತೆರೆದಿದೆ. ಅವಳು ಹೊಸ್ತಿಲ ಮೇಲೆ ಕೂತಿದ್ದಾಳೆ. ಏಳನೆಯ ಮಹಡಿಯ ಗಾಳಿ ನೇರ ಬೆಡ್‌ರೂಮಿಗೆ ಬರುತ್ತಿದೆ. ಶಾಖ 36.8. ಇನ್ನೂ ಇಳಿಯುತ್ತಿದೆ. ಇನ್ನೆರಡು ಮೊಟ್ಟೆಗಳಲ್ಲಿ ತೂತು ಬಿದ್ದಿದೆ. ಬಾಗಿಲು ಹಾಕಲೇಬೇಕು. ಹಾಕಬೇಕಾದರೆ ಅವಳಿಗೆ ಕಾರಣ ಹೇಳಬೇಕು.

ಅತ್ತೆ ಅವಳ ಪಕ್ಕ ಹೋಗಿ ನೆಲದಲ್ಲಿ ಕೂತಿದ್ದಾರೆ. ಅವರೂ ಹೊರಗೆ ನೋಡುತ್ತಿದ್ದಾರೆ.

ಬಾಯಿ ತೆರೆದರೆ ಮಾತು ಬರುವುದಿಲ್ಲ. ಇಲ್ಲಿ ಮೊದಲು ಬರೆದು ನೋಡುತ್ತೇನೆ. ಬರೆದದ್ದನ್ನು ಓದಬಹುದು.

ದೀಕ್ಷಿ, ಪಪ್ಪ ಬರುವುದಿಲ್ಲ.

ಅಲ್ಲ. ಇವತ್ತು ಬರುವುದಿಲ್ಲ ಎಂದು ತಿಳಿಯುತ್ತಾಳೆ.

ದೀಕ್ಷಿ, ಪಪ್ಪ ದೇವರ ಹತ್ತಿರ

ಅಲ್ಲ. ಯಾವಾಗ ವಾಪಸ್ ಎಂದು ಕೇಳುತ್ತಾಳೆ.

ದೀಕ್ಷಿ, ಪಪ್ಪ ಸತ್ತಿದ್ದಾರೆ.

ಸುಖೇಶ್ ಸತ್ತಿದ್ದಾನೆ. ನನ್ನ ಸುಖೇಶ್ ಸತ್ತಿದ್ದಾನೆ. ಬರೆಯಲು ಬಂತು. ಇಂಕು ಒದ್ದೆಯಾಗಿ ಹರಡುತ್ತಿದೆ, ಕಣ್ಣು ಎಷ್ಟು ಒರೆಸಿದರೂ ನಿಲ್ಲುತ್ತಿಲ್ಲ. ಇರಲಿ. ಎದ್ದು ಹೋಗುತ್ತೇನೆ. ಮೊದಲು ಅವಳನ್ನು ಎತ್ತಿಕೊಳ್ಳುತ್ತೇನೆ, ಆಮೇಲೆ ಬಾಗಿಲು, ಆಮೇಲೆ

ಲಿಫ್ಟಿನ ಸದ್ದು. ನಮ್ಮ ಮಹಡಿಯಲ್ಲೇ ನಿಂತಿತು. ದೀಕ್ಷಿ ಎದ್ದಳು— ಪಪ್ಪಾ ಅಂತ ಓಡುತ್ತಿದ್ದಾ—